ಬೈಗುಳ ಕೋಚಿಗೆ, ಮೈದಾನ ಯಾರಿಗೆ?

ಬೆಳುವಾಯಿ ಪೇಟೆಯಲ್ಲಿ ಸಂಜೆ ಬಸ್ಸಿಗೆ ಕಾಯುವವರಿಗೆ ಮಾತಿನ ಬರಗಾಲ ಇಲ್ಲ. ಒಂದು ದಿನ ಅಡಿಕೆ ಧಾರಣೆ, ಇನ್ನೊಂದು ದಿನ ಹೆದ್ದಾರಿ ಅಗಲ ಮಾಡುವವರು ಎಬ್ಬಿಸಿದ ಧೂಳು, ಚಳಿಗಾಲ ಬಂತೆಂದರೆ ಕಂಬಳದ ಕೋಣ. ಫುಟ್ಬಾಲಿನ ಮಾತು ಬರುವುದು ಅಪರೂಪ. ಬಂದರೆ ಮಾತ್ರ ಸುಲಭಕ್ಕೆ ಮುಗಿಯುವುದಿಲ್ಲ. ಕಂಡಕ್ಟರು ಎರಡು ಸಲ ಸೀಟಿ ಊದಿದರೂ ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಇನ್ನೊಂದು ಕಾಲು ರಸ್ತೆಯಲ್ಲಿ ಇಟ್ಟು, ಮಾತು ಪೂರೈಸಿಯೇ ಹತ್ತುವವರು ಇದ್ದಾರೆ.

ಆ ಮಾತು ಹೆಚ್ಚು ಕಡಿಮೆ ಒಂದೇ. "ಎಂಥ ಕೋಚು ಮಾರಾಯ್ರೆ? ಮಕ್ಕಳಿಗೆ ನೆಟ್ಟಗೆ ಪಾಸು ಕೊಡ್ಲಿಕ್ಕೆ ಕಲಿಸದವ ಎಂಥ ಕೋಚು?"

ದೊಡ್ಡವರ ತಂಡ ಸೋತರೆ ಇಲ್ಲಿ ಯಾರಿಗೂ ಅಷ್ಟು ಬೇಸರವಾಗುವುದಿಲ್ಲ. ಅದು ಅಭ್ಯಾಸವಾಗಿ ಹೋಗಿದೆ. ಸಿಟ್ಟು ಬರುವುದು ಹದಿನೇಳರೊಳಗಿನ ಹುಡುಗರ ತಂಡ ಸೋತಾಗ. ಅದಕ್ಕೆ ಕಾರಣವೂ ಉಂಟು. ಮೂವತ್ತು ದಾಟಿದ ಆಟಗಾರ ತಪ್ಪಿದರೆ ಅವನಿಗೆ ಬೈಯಬಹುದು. ಹದಿನಾರರ ಹುಡುಗನಿಗೆ ಬೈಯಲು ಮನಸ್ಸು ಬರುವುದಿಲ್ಲ. ಅವನು ಕಲಿತದ್ದನ್ನು ಆಡುತ್ತಾನೆ, ಕಲಿಸದೆ ಇದ್ದದ್ದನ್ನು ಆಡುವುದಿಲ್ಲ. ಹಾಗಾಗಿ ಬೈಗುಳವೆಲ್ಲ ಕಲಿಸಿದವರ ಮನೆ ವಿಳಾಸಕ್ಕೇ ಹೋಗುತ್ತದೆ.

ಈ ಬೈಗುಳದಲ್ಲಿ ನ್ಯಾಯ ಎಷ್ಟು, ಸುಮ್ಮನೆ ಬೊಬ್ಬೆ ಎಷ್ಟು ಎಂದು ಸ್ವಲ್ಪ ನೋಡುವ.

ಒಂದೇ ನಿಮಿಷದ ಗಮ್ಮತ್ತು

ಸಿಟ್ಟಿನ ಬೇರು ಇರುವುದು 2017ರ ಅಕ್ಟೋಬರಿನಲ್ಲಿ. ಹದಿನೇಳರೊಳಗಿನವರ ವಿಶ್ವಕಪ್ಪು ನಮ್ಮ ದೇಶದಲ್ಲೇ ನಡೆಯಿತು. ದೆಹಲಿ, ನವಿ ಮುಂಬಯಿ, ಗೋವಾ, ಕೊಚ್ಚಿ, ಗುವಾಹಟಿ, ಕೋಲ್ಕತ್ತಾ, ಹೀಗೆ ಆರು ಊರು. ಬೆಂಗಳೂರಿಗೆ ಒಂದು ಪಂದ್ಯವೂ ಬರಲಿಲ್ಲ, ಅದು ಬೇರೆ ಸಂಕಟ. ಜನ ಮಾತ್ರ ಕಡಿಮೆ ಬರಲಿಲ್ಲ. ಎಲ್ಲ ಪಂದ್ಯ ಸೇರಿ 13 ಲಕ್ಷದ 47 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು. ಈ ವಯಸ್ಸಿನವರ ವಿಶ್ವಕಪ್ಪಿನಲ್ಲಿ ಅಷ್ಟು ಜನ ಅದಕ್ಕೆ ಮೊದಲು ಸೇರಿದ್ದಿಲ್ಲ. ಫುಟ್ಬಾಲ್ ನೋಡುವವರಿಲ್ಲ ಎನ್ನುವ ಮಾತಿಗೆ ಅಲ್ಲೇ ಬೀಗ ಬಿತ್ತು.

ಆಟ ಹೇಗಾಯಿತು? ಅಕ್ಟೋಬರ್ 6ರಂದು ದೆಹಲಿಯಲ್ಲಿ ಅಮೆರಿಕದೆದುರು 0-3. ಒಂಬತ್ತರಂದು ಕೊಲಂಬಿಯಾದೆದುರು 1-2. ಹನ್ನೆರಡರಂದು ಘಾನಾದೆದುರು 0-4. ಮೂರು ಪಂದ್ಯ, ಒಂಬತ್ತು ಗೋಲು ತಿಂದದ್ದು, ಒಂದು ಹೊಡೆದದ್ದು.

ಆ ಒಂದರ ಕತೆ ಗೊತ್ತುಂಟಲ್ಲ? ಕೊಲಂಬಿಯಾ ಒಂದು ಗೋಲಿನಿಂದ ಮುಂದಿತ್ತು. 82ನೇ ನಿಮಿಷ. ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರಿನಿಂದ ಚೆಂಡು ಎತ್ತಿ ಕೊಟ್ಟ. ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. ಗೋಲು! ಯಾವುದೇ ಫೀಫಾ ವಿಶ್ವಕಪ್ಪಿನಲ್ಲಿ ಭಾರತದ ಮೊಟ್ಟಮೊದಲ ಗೋಲು. ಟಿ.ವಿ. ಮುಂದೆ ಕೂತವರು ಚಾ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಲೋಟ ತಿರುಗಿ ಕೈಗೆ ತೆಗೆದುಕೊಳ್ಳುವ ಮೊದಲು, 83ನೇ ನಿಮಿಷದಲ್ಲಿ, ಪೆನ್ಯಾಲೋಸಾ ಎಂಬ ಕೊಲಂಬಿಯಾದ ಹುಡುಗ ಗೋಲು ಹೊಡೆದು ಆಯಿತು. ಮೊದಲನೆಯದೂ ಅವನದ್ದೇ.

ಬಸ್ ಸ್ಟ್ಯಾಂಡಿನ ಪಂಡಿತರಿಗೆ ಇವತ್ತಿಗೂ ನುಂಗಲಿಕ್ಕಾಗದ್ದು ಈ ಒಂದು ನಿಮಿಷ. ಗೋಲು ಹೊಡೆದ ಮೇಲೆ ಎದುರು ತಂಡ ಚೆಂಡು ನಡುವಿನಲ್ಲಿಟ್ಟು ಆಟ ಶುರು ಮಾಡುವಾಗ ಯಾರು ಎಲ್ಲಿ ನಿಲ್ಲಬೇಕು? ಇದು ದೊಡ್ಡ ವಿದ್ಯೆ ಅಲ್ಲ. ಮನೆಯಲ್ಲಿ ಮದುವೆ ದಿಬ್ಬಣ ಹೊರಡುವಾಗಲೂ ಬಾಗಿಲಿಗೆ ಬೀಗ ಹಾಕಲು ಒಬ್ಬರು ಹಿಂದೆ ಉಳಿಯುತ್ತಾರೆ. ನಮ್ಮ ಹುಡುಗರಲ್ಲಿ ಎಲ್ಲರೂ ದಿಬ್ಬಣದವರೇ.

ಅದಕ್ಕಿಂತ ಮೂರು ದಿನ ಮೊದಲು ಅಮೆರಿಕದೆದುರೂ ಇದೇ ಆಗಿತ್ತು. ಅನ್ವರ್ ಅಲಿ ಹೊಡೆದ ಚೆಂಡು ಗೋಲಿನ ಅಡ್ಡಕಂಬಕ್ಕೆ ಬಡಿದು ಹಿಂದೆ ಬಂತು. ನಮ್ಮವರು ಅಯ್ಯೋ ಎಂದು ತಲೆ ಮೇಲೆ ಕೈ ಇಟ್ಟುಕೊಂಡರು. ಅಮೆರಿಕದವರು ಅದೇ ಚೆಂಡು ಹಿಡಿದು ಆಚೆ ಓಡಿದರು, ಮೂರನೇ ಗೋಲು ಹಾಕಿಯೇ ನಿಂತರು. ಎರಡು ಪಂದ್ಯದಲ್ಲಿ ಒಂದೇ ಗುಂಡಿಗೆ ಬಿದ್ದಾಗ ಹುಡುಗರ ತಪ್ಪು ಎನ್ನಲಿಕ್ಕೆ ಆಗುವುದಿಲ್ಲ. ಗುಂಡಿ ಇಲ್ಲುಂಟು ಎಂದು ಯಾರೋ ಹೇಳಲಿಲ್ಲ, ಅಥವಾ ಹೇಳಲು ಸಮಯ ಸಾಕಾಗಲಿಲ್ಲ.

ಏಳು ತಿಂಗಳಲ್ಲಿ ಏನು ಕಲಿಸುವುದು?

ಸಮಯದ ಲೆಕ್ಕ ಸ್ವಲ್ಪ ನೋಡಬೇಕು. ಈ ತಂಡವನ್ನು ಕಟ್ಟಲು 2015ರಲ್ಲಿ ಜರ್ಮನಿಯ ನಿಕೊಲಾಯ್ ಆಡಮ್ ಎಂಬವರನ್ನು ತಂದರು. ಹುಡುಗರನ್ನು ಊರೂರು ಹುಡುಕಿ, ಪರದೇಶಕ್ಕೆಲ್ಲ ಆಡಲು ಕರೆದುಕೊಂಡು ಹೋದರು. ಒಳ್ಳೆಯದೇ. ಆದರೆ 2017ರ ಆರಂಭದಲ್ಲಿ ಹುಡುಗರೇ ಕೋಚಿನ ವರ್ತನೆಯ ಮೇಲೆ ಸಹಿ ಹಾಕಿ ದೂರು ಕೊಟ್ಟರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆಡಮ್ ಹೋದರು. ಮಾರ್ಚಿನಲ್ಲಿ ಪೋರ್ಚುಗಲಿನ ಲೂಯಿಸ್ ನಾರ್ಟನ್ ಡಿ ಮಾಟೋಸ್ ಬಂದರು. ವಿಶ್ವಕಪ್ಪಿಗೆ ಉಳಿದದ್ದು ಏಳು ತಿಂಗಳು.

ಬಸ್ಸಿನ ಡ್ರೈವರು ಬದಲಾದರೂ ಮೊದಲ ಎರಡು ಟ್ರಿಪ್ಪು ಬ್ರೇಕಿನ ಅಂದಾಜು ಸಿಗುವುದಿಲ್ಲ. ಇಲ್ಲಿ ಗೇರು, ಬ್ರೇಕು, ರಸ್ತೆ, ಭಾಷೆ ಎಲ್ಲವೂ ಹೊಸತು.

ಈ ಗದ್ದಲದಲ್ಲಿ ಒಂದು ತಮಾಷೆ ಉಂಟು. ಗೋಲು ಹೊಡೆದ ಜೀಕ್ಸನ್ ಮೊದಲ ಕೋಚಿನ ತಂಡದಲ್ಲಿ ಇರಲೇ ಇಲ್ಲ. 2017ರಲ್ಲಿ ಪಂಜಾಬಿನ ಮಿನರ್ವ ಅಕಾಡೆಮಿಯ ಹುಡುಗರು ಭಾರತ ತಂಡದ ಎದುರೇ ಅಭ್ಯಾಸದ ಪಂದ್ಯ ಆಡಿ ಗೆದ್ದುಬಿಟ್ಟರು. ಆಗ ಮಾಟೋಸರ ಕಣ್ಣು ಆ ಕಡೆ ಹೋಯಿತು. ಜೀಕ್ಸನನೂ ಇನ್ನು ಕೆಲವರೂ ತಂಡಕ್ಕೆ ಬಂದದ್ದು ಹಾಗೆ. ಎರಡು ವರ್ಷ ದೇಶವೆಲ್ಲ ಜಾಲಾಡಿದ ಜರಡಿಯಲ್ಲಿ ಉಳಿಯದ ಹುಡುಗನೇ ಕೊನೆಗೆ ಚರಿತ್ರೆಯಲ್ಲಿ ಉಳಿದ. ಆಯ್ಕೆ ಮಾಡುವವರ ಕಣ್ಣಿನ ಮೇಲೆ ಜನರಿಗೆ ನಂಬಿಕೆ ಇಲ್ಲ ಎಂದರೆ ಜನರನ್ನು ದೂರುವ ಹಾಗಿಲ್ಲ.

ಅಂದ ಹಾಗೆ, ಆ ವಿಶ್ವಕಪ್ಪಿನ ಫೈನಲಿನಲ್ಲಿ ಇಂಗ್ಲೆಂಡಿನ ಹುಡುಗರು ಎರಡು ಗೋಲು ಹಿಂದೆ ಬಿದ್ದು ಆಮೇಲೆ ಸ್ಪೇನನ್ನು 5-2ರಲ್ಲಿ ಸೋಲಿಸಿದರು. ಅದರಲ್ಲಿದ್ದ ಫಿಲ್ ಫೋಡನ್ ಆಮೇಲೆ ಎಲ್ಲಿಗೆ ಮುಟ್ಟಿದ ಎಂದು ಇಲ್ಲಿಯ ಕಾಲೇಜು ಹುಡುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅವರ ಬನಿಯನಿನ ಬೆನ್ನ ಮೇಲೆಯೇ ಬರೆದಿರುತ್ತದೆ.

ಹೆಣ್ಣುಮಕ್ಕಳ ಪಾಡು

ಐದು ವರ್ಷ ಕಳೆದು 2022ರ ಅಕ್ಟೋಬರಿನಲ್ಲಿ ಹುಡುಗಿಯರ ವಿಶ್ವಕಪ್ಪೂ ಇಲ್ಲೇ ಆಯಿತು. ಭುವನೇಶ್ವರದಲ್ಲಿ ಅಮೆರಿಕದೆದುರು 0-8, ಮೊರೊಕ್ಕೊದೆದುರು 0-3, ಬ್ರೆಜಿಲಿನೆದುರು 0-5. ಹೊಡೆದದ್ದು ಸೊನ್ನೆ, ತಿಂದದ್ದು ಹದಿನಾರು. ಕೋಚು ಸ್ವೀಡನಿನ ಥಾಮಸ್ ಡೆನ್ನರ್‌ಬಿ. ದೊಡ್ಡ ಹೆಸರಿನವರು.

ಈ ಅಂಕಿಗಳಿಗಿಂತ ಹೆಚ್ಚು ನೋಯಿಸಿದ್ದು ಬೇರೆ. ವಿಶ್ವಕಪ್ಪಿಗೆ ಮೂರು ನಾಲ್ಕು ತಿಂಗಳು ಇರುವಾಗ, ತಂಡ ಯುರೋಪು ಪ್ರವಾಸದಲ್ಲಿದ್ದಾಗ, ಸಹಾಯಕ ಕೋಚಿನ ಮೇಲೆ ಲೈಂಗಿಕ ದುರ್ವರ್ತನೆಯ ಆರೋಪ ಬಂತು. ಅವನನ್ನು ವಾಪಸು ಕರೆಸಿ ಕೆಲಸದಿಂದ ತೆಗೆದುಹಾಕಿದರು. ಆಗಸ್ಟಿನಲ್ಲಿ, ಅದೂ ಸ್ವಾತಂತ್ರ್ಯ ದಿನದಂದೇ, ಹೊರಗಿನವರ ಹಸ್ತಕ್ಷೇಪ ಎಂಬ ಕಾರಣಕ್ಕೆ ಫೀಫಾ ನಮ್ಮ ಫುಟ್ಬಾಲ್ ಫೆಡರೇಶನನ್ನೇ ಅಮಾನತು ಮಾಡಿತು. ಹನ್ನೊಂದು ದಿನದ ಮೇಲೆ ಬಿಡುಗಡೆ. ವಿಶ್ವಕಪ್ಪು ಉಂಟಾ ಇಲ್ಲವಾ ಎಂದು ಗೊತ್ತಿಲ್ಲದೆ ಆ ಮಕ್ಕಳು ಅಭ್ಯಾಸ ಮಾಡಿದ್ದು.

ಆ ತಂಡದ ಕ್ಯಾಪ್ಟನ್ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಅಸ್ತಮ್ ಒರಾಂವ್. ಅವಳ ಗೌರವಕ್ಕೆಂದು ಸರಕಾರ ಮನೆಯ ಹತ್ತಿರ ರಸ್ತೆ ಮಾಡಿಸಿತು. ಆ ರಸ್ತೆಯ ಕೆಲಸದಲ್ಲಿ ಅವಳ ತಂದೆ ತಾಯಿಯೇ ದಿನಗೂಲಿಗೆ ದುಡಿಯುತ್ತಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅಂಥ ಮನೆಯವರು ಮಗಳನ್ನು ನಂಬಿ ಕಳಿಸುತ್ತಾರೆ. ಕೋಚು ಎಂದರೆ ಅವರ ಲೆಕ್ಕದಲ್ಲಿ ಮಾಸ್ಟ್ರು, ಅಪ್ಪನ ಸಮಾನ.

ನಮ್ಮ ಕಡೆ ಹುಡುಗಿಯರನ್ನು ಕಬಡ್ಡಿಗೆ, ತ್ರೋಬಾಲಿಗೆ ಕಳಿಸುವ ತಾಯಂದಿರು ಮೊದಲು ಕೇಳುವ ಪ್ರಶ್ನೆ ಗೆದ್ದರೆ ಎಷ್ಟು ಸಿಗುತ್ತದೆ ಎಂದಲ್ಲ. "ಮಾಸ್ಟ್ರೆ, ಟೀಚರ್ ಒಬ್ಬರು ಒಟ್ಟಿಗೆ ಬರ್ತಾರಾ?" ಎಂದು. ಆ ಪ್ರಶ್ನೆಗೆ ದೆಹಲಿಯಲ್ಲಿ ಕೂತವರು ನೆಟ್ಟಗೆ ಉತ್ತರ ಕೊಡದಿದ್ದರೆ ಸ್ವೀಡನಿನಿಂದಲ್ಲ, ಸ್ವರ್ಗದಿಂದ ಕೋಚು ತಂದರೂ ಪ್ರಯೋಜನ ಇಲ್ಲ. 0-8 ಸೋತದ್ದನ್ನು ಜನ ಮರೆಯಬಹುದು. ಇದನ್ನು ಮರೆಯಬಾರದು.

ಗೋವಾದ ಫೆರ್ನಾಂಡಿಸರು

ಹಾಗಾದರೆ ಎಲ್ಲ ಕೋಚೂ ಕೆಲಸಕ್ಕೆ ಬಾರದವರಾ? ಹಾಗೆಂದು ಹೇಳಿದರೆ ಸುಳ್ಳಾಗುತ್ತದೆ.

ಬಿಬಿಯಾನೊ ಫೆರ್ನಾಂಡಿಸ್ ಎಂಬವರಿದ್ದಾರೆ. ಹೆಸರು ಕೇಳಿದರೆ ಮೂಡುಬಿದಿರೆ ಕಡೆಯ ಪೊರ್ಬುಗಳಾ ಎಂದು ಅನುಮಾನ ಬರುತ್ತದೆ. ಅಲ್ಲ, ಗೋವಾದವರು. 2018ರಲ್ಲಿ ಮಲೇಶ್ಯದಲ್ಲಿ ಹದಿನಾರರೊಳಗಿನವರ ಏಷ್ಯಾ ಪಂದ್ಯಾವಳಿ. ಫೆರ್ನಾಂಡಿಸರ ಹುಡುಗರು ವಿಯೆಟ್ನಾಮನ್ನು ಸೋಲಿಸಿ, ಇರಾನ್ ಮತ್ತು ಇಂಡೋನೇಶ್ಯದೊಡನೆ ಗೋಲಿಲ್ಲದೆ ಸಮ ಮಾಡಿಕೊಂಡು ಕ್ವಾರ್ಟರ್ ಫೈನಲಿಗೆ ಹೋದರು. ಅಲ್ಲಿ ದಕ್ಷಿಣ ಕೊರಿಯಾದೆದುರು 0-1. ಆ ಒಂದು ಪಂದ್ಯ ಗೆದ್ದಿದ್ದರೆ ಆತಿಥೇಯ ಎಂಬ ಬಿಟ್ಟಿ ಟಿಕೇಟಿಲ್ಲದೆ, ಸ್ವಂತ ಕಾಲಿನಲ್ಲಿ ನಡೆದು ವಿಶ್ವಕಪ್ಪಿಗೆ ಹೋಗುತ್ತಿದ್ದೆವು. ಕೂದಲೆಳೆ ಅಂತರ ಎನ್ನುವುದು ಇದಕ್ಕೇ.

ಮರುವರ್ಷ ಅವರದ್ದೇ ಇನ್ನೊಂದು ತಂಡ ತಾಷ್ಕೆಂಟಿನಲ್ಲಿ ಬಹರೈನಿಗೆ ಐದು, ತುರ್ಕಮೆನಿಸ್ತಾನಕ್ಕೆ ಐದು ಗೋಲು ಹಾಕಿ ಏಷ್ಯಾ ಪಂದ್ಯಾವಳಿಗೆ ಅರ್ಹತೆ ಪಡೆಯಿತು. ಕೊರೋನಾ ಬಂದು ಪಂದ್ಯಾವಳಿಯೇ ರದ್ದಾಯಿತು. ಹುಡುಗರ ವಯಸ್ಸು ಕೊರೋನಾಕ್ಕಾಗಿ ನಿಲ್ಲುತ್ತದಾ? ಆ ಪೈಕಿ ಎಷ್ಟೋ ಮಂದಿಗೆ ಬಸ್ಸು ತಪ್ಪಿದ್ದು ತಪ್ಪಿದ್ದೇ.

2023ರಲ್ಲಿ ಥಾಯ್ಲೆಂಡಿನಲ್ಲಿ ಜಪಾನಿನೆದುರು 4-8. ಎಂಟು ತಿಂದದ್ದಕ್ಕೆ ಬೈಯಬೇಕಾ, ಜಪಾನಿಗೆ ನಾಲ್ಕು ಹೊಡೆದದ್ದಕ್ಕೆ ಹೊಗಳಬೇಕಾ ಎಂದು ಗೊತ್ತಾಗದೆ ನಮ್ಮ ಪೇಟೆಯ ಪಂಡಿತರು ಒಂದು ವಾರ ಮೌನವಾಗಿದ್ದರು. 2024ರ ಅಕ್ಟೋಬರಿನಲ್ಲಿ, ಬೇರೆ ಕೋಚಿನ ಕೈಕೆಳಗೆ, ಥಾಯ್ಲೆಂಡಿನೆದುರು 2-3ರಲ್ಲಿ ಸೋತು ಏಷ್ಯಾ ಕಪ್ಪಿಗೆ ಅರ್ಹತೆಯೇ ಸಿಗಲಿಲ್ಲ. ಅದೂ ಹದಿನೇಳರೊಳಗಿನ ವಿಶ್ವಕಪ್ಪನ್ನು 48 ತಂಡಗಳಿಗೆ ಹಿಗ್ಗಿಸಿ, ಏಷ್ಯಾಕ್ಕೆ ಸೀಟು ಹೆಚ್ಚು ಮಾಡಿದ ವರ್ಷ. ಸೀಟು ಹೆಚ್ಚಾದ ಬಸ್ಸಿನಲ್ಲೂ ನಿಲ್ಲಲು ಜಾಗ ಸಿಗದವನ ಹಾಗೆ ಆಯಿತು ನಮ್ಮ ಅವಸ್ಥೆ.

ಮತ್ತೆ ಫೆರ್ನಾಂಡಿಸರು ಬಂದರು. 2025ರ ನವೆಂಬರ್ 30ರಂದು ಅಹಮದಾಬಾದಿನಲ್ಲಿ ಇರಾನಿನೆದುರು ಮೊದಲು ಗೋಲು ತಿಂದು, ಆಮೇಲೆ ಎರಡು ಹೊಡೆದು 2-1ರಲ್ಲಿ ಗೆದ್ದು 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು. ಇರಾನು ಏಷ್ಯಾದ ಫುಟ್ಬಾಲಿನಲ್ಲಿ ಎಂಥ ಗಟ್ಟಿ ಕುಳ ಎಂದು ತಿಳಿದವರಿಗೆ ಈ ಗೆಲುವಿನ ತೂಕ ಗೊತ್ತು. ನಮ್ಮ ಪೇಟೆಯಲ್ಲಿ ಆ ದಿನ ಪಟಾಕಿ ಹೊಡೆದವರು ಯಾರೂ ಇಲ್ಲ. ಸೋತಾಗ ಬೈಯುವ ಬಾಯಿಗಳು ಗೆದ್ದಾಗ ಬೀಡಾ ಜಗಿಯುತ್ತಿದ್ದವು ಎಂದು ಬರೆಯಲು ನಮಗೆ ಸಂಕೋಚವಿಲ್ಲ, ನಮ್ಮ ಬಾಯಿಯೂ ಅದರಲ್ಲಿ ಒಂದು.

ಹಾಗಾದರೆ ಲೆಕ್ಕ ಇಷ್ಟು: ಕೋಚಿನಿಂದ ವ್ಯತ್ಯಾಸ ಆಗುತ್ತದೆ, ಖಂಡಿತ. ಊರಿನ ಮಕ್ಕಳ ಭಾಷೆ, ಊಟ, ನಾಚಿಕೆ ಗೊತ್ತಿದ್ದು, ವರ್ಷಗಟ್ಟಲೆ ಅದೇ ಕೆಲಸದಲ್ಲಿ ಇದ್ದವರಿಂದ ಹೆಚ್ಚು ಆಗುತ್ತದೆ. ಆದರೆ ಕೋಚಿನ ಕೈಗೆ ಹುಡುಗ ಸಿಗುವುದು ಹದಿನಾಲ್ಕನೇ ವಯಸ್ಸಿಗೆ. ಅಲ್ಲಿವರೆಗೆ ಅವನು ಯಾರ ಕೈಯಲ್ಲಿದ್ದ?

ಮಣಿಪುರದ ಲೆಕ್ಕ

ಇಲ್ಲಿ ಒಂದು ಸಣ್ಣ ಲೆಕ್ಕ. ಅಂಗಡಿಯವರಿಗೆ ಲೆಕ್ಕ ಹೇಳಿಕೊಡುವುದು ಉದ್ಧಟತನ, ಆದರೂ ಹೇಳುತ್ತೇವೆ.

2017ರ ತಂಡದಲ್ಲಿ 21 ಹುಡುಗರು. ಅದರಲ್ಲಿ ಎಂಟು ಮಂದಿ ಮಣಿಪುರದವರು. ಕ್ಯಾಪ್ಟನ್ ಅಮರ್‌ಜಿತ್, ಗೋಲಿ ಧೀರಜ್, ಗೋಲು ಹೊಡೆದ ಜೀಕ್ಸನ್ ಎಲ್ಲ ಅಲ್ಲಿಯವರೇ. 2011ರ ಜನಗಣತಿಯಲ್ಲಿ ಮಣಿಪುರ ರಾಜ್ಯದ ಜನಸಂಖ್ಯೆ ಇಪ್ಪತ್ತೆಂಟೂವರೆ ಲಕ್ಷ. ಅದೇ ಗಣತಿಯಲ್ಲಿ ನಮ್ಮ ದಕ್ಷಿಣ ಕನ್ನಡ ಇಪ್ಪತ್ತು ಲಕ್ಷದ 89 ಸಾವಿರ, ಉಡುಪಿ ಹನ್ನೊಂದು ಲಕ್ಷದ 77 ಸಾವಿರ. ಕೂಡಿಸಿ ನೋಡಿ. ನಮ್ಮ ಹಳೆಯ ಅವಿಭಜಿತ ಜಿಲ್ಲೆ ಮಣಿಪುರಕ್ಕಿಂತ ದೊಡ್ಡದು. ಆ ತಂಡದಲ್ಲಿ ಕರ್ನಾಟಕದವರು ಇಬ್ಬರು, ಸಂಜೀವ್ ಸ್ಟಾಲಿನ್ ಮತ್ತು ಹೆನ್ರಿ ಆಂಟೊನೆ. ಇಬ್ಬರೂ ಬೆಂಗಳೂರಿನವರು. ನಮ್ಮ ಎರಡು ಜಿಲ್ಲೆಯಿಂದ ಒಬ್ಬನೂ ಇಲ್ಲ.

ಹುಡುಗರಲ್ಲಿ ದಮ್ಮಿಲ್ಲ ಎನ್ನಬೇಡಿ. ಪಕ್ಕದ ಕಾರ್ಕಳ ತಾಲೂಕಿನ ಹಳ್ಳಿಯಿಂದ ಬಂದ ಮಮತಾ ಪೂಜಾರಿ ಭಾರತದ ಕಬಡ್ಡಿ ತಂಡದಲ್ಲಿ ಆಡಿ 2010, 2014ರ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ತಂದವರು, ಅರ್ಜುನ ಪ್ರಶಸ್ತಿ ಪಡೆದವರು. ಇತ್ತ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಎಂದು ಕುಣಿಯಿತು. ಕೇಂದ್ರದ ಕ್ರೀಡಾ ಮಂತ್ರಿಗಳು ಬೆಂಗಳೂರಿಗೆ ಟ್ರಯಲ್ಸಿಗೆ ಕರೆದರು. ಗೌಡರು ಹೋಗಲಿಲ್ಲ, ಕಂಬಳವೇ ಬೇರೆ ಟ್ರ್ಯಾಕೇ ಬೇರೆ ಎಂದುಬಿಟ್ಟರು. ಆ ದಿನ ಅವರು ಆಡಿದ್ದು ಪೂರ್ತಿ ಸರಿ ಮಾತು. ಕೆಸರಿನಲ್ಲಿ ಕೋಣದ ಹಿಂದೆ ಓಡುವ ಕಾಲನ್ನು ಒಂದು ದಿನದ ಟ್ರಯಲ್ಸು ಓಟಗಾರನ ಕಾಲು ಮಾಡುವುದಿಲ್ಲ. ಎಂಟು ಹತ್ತು ವಯಸ್ಸಿಗೇ ಯಾರಾದರೂ ಕೈ ಹಿಡಿದು ಕಲಿಸಬೇಕು. ಫುಟ್ಬಾಲಿಗೂ ಇದೇ ಮಾತು.

ನಮ್ಮಲ್ಲಿ ಕಬಡ್ಡಿ ಬೆಳೆದದ್ದು ಯಾಕೆ? ಊರೂರಿಗೆ ಒಂದು ಅಂಕಣ ಉಂಟು, ಅಂಕಣದ ಬದಿಯಲ್ಲಿ "ಕಾಲು ಹಿಡಿ ಮಾರಾಯ" ಎಂದು ಬೊಬ್ಬೆ ಹಾಕುವ ತಿಳಿದವ ಒಬ್ಬ ಇದ್ದಾನೆ. ಫುಟ್ಬಾಲಿಗೆ ಎಂಥ ಉಂಟು? ಮುರಕಲ್ಲಿನ ಗಟ್ಟಿ ನೆಲ, ಬಿದ್ದರೆ ಮೊಣಕಾಲಿನ ಸಿಪ್ಪೆ ಹೋಗುತ್ತದೆ. ಚೆಂಡು ನೆಲದಲ್ಲಿ ನೆಟ್ಟಗೆ ಉರುಳುವುದಿಲ್ಲ, ಕಲ್ಲು ತಾಗಿ ಮುಖಕ್ಕೆ ಹಾರುತ್ತದೆ. ಮಳೆಗಾಲದಲ್ಲಿ ಕೊಚ್ಚೆ, ಚೆಂಡು ಹೂತು ಹೋಗುತ್ತದೆ. ಅಂಥ ಕಡೆ ಆಡುವ ಹುಡುಗ ಬುದ್ಧಿವಂತನಾಗಿದ್ದರೆ ಏನು ಮಾಡುತ್ತಾನೆ? ಚೆಂಡನ್ನು ಎತ್ತಿ ಮುಂದಕ್ಕೆ ಬಾರಿಸುತ್ತಾನೆ. ಅದೇ ಅವನ ವಿದ್ಯೆಯಾಗುತ್ತದೆ. ಕಾಲಿಗೆ ಬಂದ ಚೆಂಡನ್ನು ಒಂದೇ ಮುಟ್ಟಿಗೆ ತಣ್ಣಗೆ ನಿಲ್ಲಿಸುವುದು, ತಲೆ ಎತ್ತಿ ಗೆಳೆಯ ಎಲ್ಲಿದ್ದಾನೆಂದು ನೋಡುವುದು, ಇದೆಲ್ಲ ಹನ್ನೆರಡರೊಳಗೆ ಬಾರದಿದ್ದರೆ ಆಮೇಲೆ ಬರುವುದು ಭಾರೀ ಕಷ್ಟ. ನಮ್ಮ ನೆಲದ್ದು ಮಾತ್ರ ಈ ಕತೆ ಅಲ್ಲ, ದೇಶದ ಹೆಚ್ಚಿನ ಹಳ್ಳಿಗಳದ್ದೂ ಇದೇ. ಆಮೇಲೆ ಟಿ.ವಿ. ಎದುರು ಕೂತು "ಪಾಸು ಕೊಡ್ಲಿಕ್ಕೆ ಗೊತ್ತಿಲ್ಲ" ಎಂದು ಜರ್ಮನಿಯವನಿಗೆ ಬೈಯುವುದು.

ಹೈದರಾಬಾದಿನ ಮಾಸ್ಟ್ರು

ಭಾರತಕ್ಕೆ ಬಂದ ಅತಿ ದೊಡ್ಡ ಕೋಚು ಪರದೇಶದವರಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಲ್ಲಿ ಶಾಲಾ ಮಾಸ್ಟ್ರು. 1951ರಲ್ಲಿ ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ ಅವರ ಕಾಲದ್ದು. ಅಜಯ್ ದೇವಗನ್ ಹಾಕಿ 2024ರಲ್ಲಿ ಸಿನೆಮಾ ಬಂದ ಮೇಲೆ ಎಲ್ಲರಿಗೂ ಹೆಸರು ಗೊತ್ತಾಯಿತು.

ಸಿನೆಮಾಕ್ಕಿಂತ ನಮಗೆ ಹಿಡಿಸುವುದು ಅವರು ಹೈದರಾಬಾದಿನ ಎಳೆಯರಿಗೆ ಇಡುತ್ತಿದ್ದ ಪಂದ್ಯಗಳು. ಒಂದರಲ್ಲಿ ಚೆಂಡನ್ನು ಕಾಲಿನಲ್ಲಿ ಆಡಿಸಿಕೊಂಡು ಓಡುವ ಹಾಗಿಲ್ಲ, ಬಂದ ಕೂಡಲೆ ಪಾಸು ಕೊಡಬೇಕು. ಇನ್ನೊಂದರಲ್ಲಿ ಸೊಟ್ಟ ಕಾಲಿನಲ್ಲೇ ಹೊಡೆಯಬೇಕು, ಬಲಗಾಲಿನವ ಎಡಗಾಲಿನಲ್ಲಿ. ಇದಕ್ಕೆ ವಿದೇಶ ಪ್ರವಾಸ ಬೇಡ, ಹವಾನಿಯಂತ್ರಿತ ಕೋಣೆ ಬೇಡ. ಒಬ್ಬ ಮಾಸ್ಟ್ರು, ಒಂದು ಸೀಟಿ, ಒಂದು ಚೆಂಡು ಸಾಕು.

ಐಸ್‌ಲ್ಯಾಂಡ್ ಎಂಬ ಹಿಮದ ದೇಶದಲ್ಲಿ 2018ರಲ್ಲಿ ಇದ್ದ ಜನ ಸುಮಾರು ಮೂರೂವರೆ ಲಕ್ಷ. ನಮ್ಮ ಎರಡು ಮೂರು ತಾಲೂಕು ಸೇರಿದರೆ ಅಷ್ಟಾಗುತ್ತದೆ. ಆ ದೇಶ 2016ರ ಯುರೋಪ್ ಕಪ್ಪಿನಲ್ಲಿ ಇಂಗ್ಲೆಂಡನ್ನು ಮನೆಗೆ ಕಳಿಸಿತು, 2018ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾವನ್ನು 1-1ರಲ್ಲಿ ಕಟ್ಟಿಹಾಕಿತು. ಮೆಸ್ಸಿಯ ಪೆನಾಲ್ಟಿಯನ್ನೇ ಅವರ ಗೋಲಿ ತಡೆದ. ಇಲ್ಲಿ ಫ್ಲೆಕ್ಸ್ ಕಟ್ಟಿದ ಅರ್ಜೆಂಟೀನಾ ಅಭಿಮಾನಿಗಳಿಗೆ ಆ ದಿನ ಊಟ ಸೇರಲಿಲ್ಲ. ಆ ತಂಡದ ಕೋಚು ದಂತವೈದ್ಯ. ಗುಟ್ಟು ಅವರಲ್ಲಿ ಇರಲಿಲ್ಲ. ಚಳಿಗೆ ಆಡಲಾಗದ ದೇಶದಲ್ಲಿ ಸೂರಿನ ಕೆಳಗೆ ಮೈದಾನ ಕಟ್ಟಿದ್ದರು, ಎಳೆಯ ಮಕ್ಕಳಿಗೂ ತರಬೇತಿ ಪಡೆದ ಕೋಚನ್ನೇ ಕೊಟ್ಟಿದ್ದರು. ನಾವು ಕಟ್ಟುವುದು ಫ್ಲೆಕ್ಸು.

ನಮ್ಮ ಕರ್ನಾಟಕಕ್ಕೆ ಫುಟ್ಬಾಲು ಗೊತ್ತಿಲ್ಲ ಎಂದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ನಮ್ಮ ರಾಜ್ಯ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಮೊದಲು ಗೆದ್ದಾಗ ರಾಜ್ಯದ ಹೆಸರು ಮೈಸೂರು ಎಂದಿತ್ತು, ನಡುವೆ 54 ವರ್ಷ. ಫೆಡರೇಶನಿನಲ್ಲೂ ನಮ್ಮವರಿಗೆ ಜಾಗ ಸಿಕ್ಕಿದೆ. 2022ರ ಚುನಾವಣೆಯಲ್ಲಿ ಉಪಾಧ್ಯಕ್ಷರಾದವರು ರಾಜ್ಯ ಸಂಸ್ಥೆಯ ಅಧ್ಯಕ್ಷ, ಶಾಸಕ ಎನ್.ಎ. ಹ್ಯಾರಿಸ್. ದೆಹಲಿಯಲ್ಲಿ ಮಾತು ಕೇಳಿಸುವವರಿಲ್ಲ ಎಂಬ ನೆಪ ನಮಗಿಲ್ಲ.

ರಶೀದಿ ಪುಸ್ತಕ ಮತ್ತು ಲಗೇಜು

ಈಗ ಅಂಗಡಿಯವರ ಹತ್ತಿರ ಎರಡು ಮಾತು. ಮಳೆ ನಿಂತ ಕೂಡಲೆ ನಿಮ್ಮ ಕೌಂಟರಿಗೆ ರಶೀದಿ ಪುಸ್ತಕ ಬರಲು ಶುರುವಾಗುತ್ತದೆ. ಹೊನಲು ಬೆಳಕಿನ ಪಂದ್ಯಾಟ, ಅದೊಂದು ಇದೊಂದು. "ಅಣ್ಣಾ, ನಿಮ್ಮ ಲೆಕ್ಕದಲ್ಲಿ ಒಂದು ಟ್ರೋಫಿ" ಎಂದು ಹುಡುಗರು ಹಲ್ಲು ಕಿರಿಯುತ್ತಾರೆ. ನೀವು ಕೊಡುತ್ತೀರಿ, ಇಲ್ಲ ಅನ್ನುವುದಿಲ್ಲ. ಒಂದು ರಾತ್ರಿ ಲೈಟು, ಮೈಕು, ಗೆದ್ದವನ ಎದೆ ಎತ್ತರದ ಟ್ರೋಫಿ. ಮರುದಿನ ಮೈದಾನದಲ್ಲಿ ಉಳಿಯುವುದು ಚಿಪ್ಸಿನ ಪ್ಯಾಕೇಟು. ವರ್ಷವಿಡೀ ಅದೇ ಮೈದಾನದಲ್ಲಿ ಹತ್ತು ವರ್ಷದ ಮಕ್ಕಳು ಗಾಳಿ ಹೋದ ಚೆಂಡಿಗೆ ಒದೆಯುತ್ತಿರುತ್ತಾರೆ.

ಟ್ರೋಫಿಯ ಎತ್ತರವನ್ನು ಅರ್ಧಕ್ಕೆ ಇಳಿಸಿದರೆ ಉಳಿಯುವ ದುಡ್ಡಿಗೆ ನಾಲ್ಕು ಚೆಂಡು ಬರುತ್ತದೋ ಇಲ್ಲವೋ, ನೀವೇ ಹೇಳಿ. ಊರಿನ ಒಬ್ಬ ಪದವೀಧರ ಹುಡುಗನನ್ನು ಕೆಳಗಿನ ದರ್ಜೆಯ ಕೋಚಿಂಗ್ ಲೈಸೆನ್ಸಿನ ಕೋರ್ಸಿಗೆ ಕಳಿಸಬಹುದು. ಅದು ಕೆಲವೇ ದಿನದ್ದು. ವಾರಕ್ಕೆ ಎರಡು ಸಂಜೆ ಮಕ್ಕಳನ್ನು ಸಾಲು ನಿಲ್ಲಿಸಿ ಸೊಟ್ಟ ಕಾಲಿನಲ್ಲಿ ಹೊಡೆಸಲು ಅಷ್ಟು ಸಾಕು.

ಶಾಲೆಗಳ ಕತೆ ಬರೆದರೆ ಹೆಸರು ಹೇಳಬೇಕಾಗುತ್ತದೆ, ಬೇಡ. ಪಿ.ಟಿ. ಮಾಸ್ಟ್ರು ನಿವೃತ್ತರಾದ ಮೇಲೆ ಕುರ್ಚಿ ಖಾಲಿ ಉಳಿದ ಶಾಲೆ ಯಾವುದು ಎಂದು ಊರಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಸೀಟಿ ಗಣಿತದ ಟೀಚರ ಕುತ್ತಿಗೆಗೆ ಬಿದ್ದಿರುತ್ತದೆ. ಸುಬ್ರತೋ ಕಪ್ ಎಂಬ ಶಾಲಾ ಮಕ್ಕಳ ದೊಡ್ಡ ಪಂದ್ಯಾವಳಿ 1960ರಲ್ಲಿ ಶುರುವಾದದ್ದು, ದೆಹಲಿಯಲ್ಲಿ ಫೈನಲು. ಅದರ ಮೊದಲ ಮೆಟ್ಟಿಲು ತಾಲೂಕು ಮಟ್ಟ. ಆ ಮೆಟ್ಟಿಲು ನಾಕೌಟು, ಅದೂ ಮಳೆಗಾಲದಲ್ಲಿ. ಬೆಳಿಗ್ಗೆ ಸೋತ ತಂಡ ಮಧ್ಯಾಹ್ನದ ಬಸ್ಸಿಗೆ ಮನೆಗೆ. ಒಂದು ವರ್ಷದ ಫುಟ್ಬಾಲು ನಲವತ್ತು ನಿಮಿಷಕ್ಕೆ ಮುಗಿಯಿತು. ಅದರ ಬದಲು ಮೂಡುಬಿದಿರೆ ತಾಲೂಕಿನ ನಾಲ್ಕೈದು ಶಾಲೆ ಸೇರಿ ಶನಿವಾರ ಶನಿವಾರ ಲೀಗ್ ಆಡಿದರೆ ಸೋತವನಿಗೂ ಮುಂದಿನ ವಾರ ಉಂಟು. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಹೆಡ್‌ಮಾಸ್ಟ್ರುಗಳು ಒಂದು ಚಾ ಕುಡಿದು ಮಾತಾಡಿದರೆ ಆಯಿತು.

ಇನ್ನು ಮಂಗಳೂರಿಗೆ ಹೋಗಿ ಕಲಿಯುವ ಆಸೆ ಇರುವ ಹುಡುಗನ ಕಷ್ಟ ಬಸ್ಸಿನವರಿಗೇ ಗೊತ್ತು. ಶಾಲೆ ಬಿಡುವುದು ನಾಲ್ಕು ಗಂಟೆಗೆ. ಬೆಳುವಾಯಿಯಿಂದ ಮೂಡುಬಿದಿರೆ, ಅಲ್ಲಿಂದ ಮಂಗಳೂರಿಗೆ ಇನ್ನೂ ಮೂವತ್ತೈದು ಕಿಲೋಮೀಟರು. ಮುಟ್ಟುವಾಗ ಅಲ್ಲಿಯ ಹುಡುಗರು ಬೂಟು ಬಿಚ್ಚುತ್ತಿರುತ್ತಾರೆ. ವಾಪಸು ಬಂದು ಊಟ ಮಾಡುವಾಗ ಹತ್ತು ಗಂಟೆ, ಮರುದಿನ ಪರೀಕ್ಷೆ. ಎರಡು ವಾರ ಹೋಗುತ್ತಾನೆ, ಮೂರನೇ ವಾರ ಮನೆಯವರು ಬೇಡ ಅನ್ನುತ್ತಾರೆ. ಯಾರದ್ದೂ ತಪ್ಪಲ್ಲ.

ಆ ಎರಡು ವಾರದಲ್ಲೂ ಒಂದು ಪಂಚಾತಿಗೆ ನಾವೇ ಕಣ್ಣಾರೆ ಕಂಡದ್ದುಂಟು. ಹುಡುಗನ ಹೆಗಲಿನಲ್ಲಿ ಬಲೆ ಚೀಲ, ಚೀಲದಲ್ಲಿ ಮೂರು ಚೆಂಡು. ಕಂಡಕ್ಟರು ಅದನ್ನು ಮೇಲಿಂದ ಕೆಳಗೆ ನೋಡಿ ಲಗೇಜು ಚಾರ್ಜು ಕೇಳಿದ. ಹುಡುಗ ಜೇಬು ತಡಕಾಡಿದ. ಹಿಂದಿನ ಸೀಟಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಕ್ಕ ಒಬ್ಬರು, "ಗಾಳಿಗೂ ಟಿಕೇಟ್ ಉಂಟಾ ಮಾರಾಯಾ ನಿನ್ನ ಬಸ್ಸಲ್ಲಿ?" ಎಂದು ಕೇಳಿದ ಮೇಲೆ ಅವನು ಸುಮ್ಮನೆ ಮುಂದೆ ಹೋದ.